ಜಗಲಿಗೂ ಬೆಲೆ ಬಂತು

(ಮಲೆನಾಡಿನ ಕಾಫಿ, ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ವಿಚಾರ, ಸಾಲದ ವಿಚಾರ ಎರಡು ಮಾತು ಆಡಬೇಕು ಅಂತ ನನ್ನನ್ನು ಕರೆದಿದ್ದಾರೆ. ಕಾಫಿ ಬೆಲೆ, ಅಡಿಕೆ ಬೆಲೆ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನಾನು ಹೇಳೋದು ಬೇರೆ ಒಂದು ಬೆಲೆಯ ವಿಚಾರ. ನಮ್ಮ ಮನೆಯ ಹೊರಗಿನ ಕೋಣೆಗೆ, ಜಗಲಿಗೆ, ಬಚ್ಚಲ ಹಂಡೆಯ ಬಿಸಿನೀರಿಗೆ, ಹೆಂಗಸರು ತಟ್ಟುವ ಅಕ್ಕಿರೊಟ್ಟಿಗೆ ಈಗ ಒಂದು ಬೆಲೆ ಬಂದಿದೆ. ಹೋಂಸ್ಟೇ ಅಂತ ಅದರ ಹೆಸರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ರಸ್ತೆಯ ತಿರುವು ತಿರುವಿಗೂ ಅದರ ಬೋರ್ಡು. ಈ ಸಭೆಯಲ್ಲೂ ರೂಮು ಕೊಡುತ್ತಿರುವವರು ಇದ್ದಾರೆ. ಕೊಡಬೇಕು ಅಂತ ಸಿಮೆಂಟು ತರಿಸಿರುವವರು ಇದ್ದಾರೆ. ನನ್ನ ಹೆಣ ಬಿದ್ದ ಮೇಲೆ ಕೊಡಿ ಅಂತ ಹಟ ಹಿಡಿದ ಹಿರಿಯರೂ ಇದ್ದಾರೆ. ಮೂವರಿಗೂ ಬೇಜಾರಾಗುವ ಮಾತು ಒಂದೊಂದು ನನ್ನ ಹತ್ತಿರ ಇದೆ.

ಮೊದಲು ಹಿರಿಯರ ಮಾತು ತಗೊಳ್ಳೋಣ. ಅವರು ಹೇಳೋದು ಇಷ್ಟು: "ಮನೆ ಅಂದರೆ ಛತ್ರ ಅಲ್ಲ. ಬಂದವರಿಗೆ ಅನ್ನ ಹಾಕಿ ಕಾಸು ಎಣಿಸೋದು ನಮ್ಮ ವಂಶದಲ್ಲಿ ಇಲ್ಲ." ಇದನ್ನು ಕೇಳಿ ಹುಡುಗರು ನಗುತ್ತಾರೆ. ನಗಬಾರದು. ಬಸ್ಸು ಇಲ್ಲದ ಕಾಲದಲ್ಲಿ ಶೃಂಗೇರಿಗೋ ಹೊರನಾಡಿಗೋ ಧರ್ಮಸ್ಥಳಕ್ಕೋ ಹೊರಟವರು ಘಟ್ಟದ ದಾರಿಯಲ್ಲಿ ಕತ್ತಲಾದರೆ ಎಲ್ಲಿ ಮಲಗುತ್ತಿದ್ದರು? ಯಾವುದೋ ಮನೆಯ ಜಗಲಿಯಲ್ಲಿ. ಒಂದು ಚಾಪೆ, ಒಂದು ತಂಬಿಗೆ ನೀರು, ಗಂಜಿ ಇದ್ದರೆ ಗಂಜಿ, ಬೆಲ್ಲ ಇದ್ದರೆ ಬೆಲ್ಲ. ಬೆಳಿಗ್ಗೆ ಎದ್ದು ಹೋಗುವಾಗ ದುಡ್ಡು ಕೊಡಲು ಬಂದರೆ ಅದು ಮನೆಗೆ ಮಾಡಿದ ಅವಮಾನ. ಅನ್ನ ಮಾರುವವನು ಅನ್ನೋದು ನಮ್ಮ ಹಳ್ಳಿಗಳಲ್ಲಿ ಬೈಗುಳವಾಗಿತ್ತು. ಕೊಡಗಿನವರ ಐನ್‌ಮನೆ ವಿಚಾರ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಒಬ್ಬನ ಆಸ್ತಿ ಅಲ್ಲ, ಇಡೀ ಒಕ್ಕದ್ದು. ಗುರುಕಾರಣರಿಗೆ ಎಡೆ ಇಡುವ ಜಾಗ. ಅದನ್ನು ರಾತ್ರಿಗೆ ಇಷ್ಟು ಅಂತ ಬಾಡಿಗೆಗೆ ಬಿಡೋಣ ಅಂತ ಒಬ್ಬ ಅಂದರೆ ಉಳಿದವರು ಕಣ್ಣು ಕೆಂಪು ಮಾಡುವುದು ಸಹಜ.

ಆದರೆ ಹಿರಿಯರೇ, ಒಂದು ಮಾತು ಕೇಳುತ್ತೇನೆ, ಕೋಪ ಮಾಡಬೇಡಿ. ಆ ಜಗಲಿ ಯಾರಿಗೆ ತೆರೆದಿತ್ತು? ಜಾತಿ ಕೇಳಿದ ಮೇಲೆ ತಾನೆ ಚಾಪೆ ಹಾಸುತ್ತಿದ್ದುದು? ಕೆಲವರಿಗೆ ಒಳಜಗಲಿ, ಕೆಲವರಿಗೆ ಹೊರಜಗಲಿ, ಕೆಲವರಿಗೆ ಅಂಗಳ, ಇನ್ನು ಕೆಲವರಿಗೆ ಬೇಲಿಯಿಂದ ಆಚೆ. ನಮ್ಮ ತೋಟದಲ್ಲೇ ಹುಟ್ಟಿ, ತೋಟದಲ್ಲೇ ಮುದುಕರಾದ ಲೈನು ಮನೆಯ ಜನ ಒಂದು ದಿನವಾದರೂ ನಮ್ಮ ಒಳಗೆ ಊಟಕ್ಕೆ ಕೂತಿದ್ದಾರಾ? ಈಗ ಬೆಂಗಳೂರಿನಿಂದ ಕಾರಿನಲ್ಲಿ ಬಂದವನು ಸೀದಾ ಅಡಿಗೆಮನೆ ಬಾಗಿಲಲ್ಲಿ ನಿಂತು "ಆಂಟಿ, ಇದನ್ನು ಹೇಗೆ ಮಾಡ್ತೀರಿ" ಅಂತ ಕೇಳುತ್ತಾನೆ. ಅವನ ಜಾತಿ ಯಾವುದು ಅಂತ ನಮಗೆ ಗೊತ್ತಿಲ್ಲ, ಕೇಳಲೂ ಆಗದು. ಬಸವಣ್ಣನವರ ಕಾಲದಿಂದ ಹೇಳಿಸಿಕೊಂಡರೂ ತೆರೆಯದ ಬಾಗಿಲನ್ನು ಎರಡು ಸಾವಿರ ರೂಪಾಯಿ ತೆರೆಸಿದೆ. ಇದನ್ನು ಹೊಗಳಬೇಕೋ, ನಾಚಿಕೆ ಪಡಬೇಕೋ, ನೀವೇ ಹೇಳಿ. ಹಾಗಂತ ಪೂರಾ ತೆರೆದಿದೆ ಅಂತಲೂ ಅಲ್ಲ. ಫೋನಿನಲ್ಲಿ ಹೆಸರು ಕೇಳಿಕೊಂಡು, ಆ ಹೆಸರು ಹಿಡಿಸದಿದ್ದರೆ "ರೂಮು ಖಾಲಿ ಇಲ್ಲ" ಅನ್ನುವ ಮಹನೀಯರು ನಮ್ಮ ನಡುವೆಯೇ ಇದ್ದಾರೆ.

ಇರಲಿ. ಅನ್ನ ಮಾರಬಾರದು ಅಂತಿದ್ದ ಜನ ಮನೆ ಬಾಗಿಲಿಗೆ ದರಪಟ್ಟಿ ಹಾಕಿದ್ದು ಯಾಕೆ? ಆಸೆಗೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಫಿ ಕಥೆ ಸ್ವಲ್ಪ ನೆನಪು ಮಾಡಿಕೊಳ್ಳಿ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆದದ್ದೆಲ್ಲ ಬೋರ್ಡಿನ ಪೂಲಿಗೆ ಹೋಗಬೇಕಾಗಿತ್ತು. ಕಂತು ಕಂತಾಗಿ ದುಡ್ಡು ಬರುತ್ತಿತ್ತು. ನಾವು ಬೈದೆವು, ಬೈಯುವುದಕ್ಕೆ ಕಾರಣವೂ ಇತ್ತು. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ತೊಂಬತ್ತರ ದಶಕದಲ್ಲಿ ಪೂಲು ಹಂತ ಹಂತವಾಗಿ ಹೋಯಿತು. ಬೆಳೆಗಾರ ಸ್ವತಂತ್ರನಾದ. ಮೊದಲ ಒಂದೆರಡು ವರ್ಷ ಸ್ವಾತಂತ್ರ್ಯ ಸಿಹಿಯಾಗಿಯೇ ಇತ್ತು. ಬ್ರೆಜಿಲಿನಲ್ಲಿ ಹಿಮ ಬಿದ್ದದ್ದರಿಂದ ಬೆಲೆ ಏರಿತ್ತು. ಆಮೇಲೆ 2001ರಲ್ಲಿ ಲೋಕದ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗೂ ಕೆಳಗೆ ಇಳಿಯಿತು. ವಿಯೆಟ್ನಾಮು ರಾಶಿ ರಾಶಿ ರೋಬಸ್ಟಾ ಸುರಿಯುತ್ತಿತ್ತು. ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದ ಕಾಲ ಅದು. ಮೆಣಸಿನ ಬೆಲೆಯೂ ಜೊತೆಗೇ ಬಿತ್ತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿ ಸಂಬಳ ಏರಿತು. ಶನಿವಾರ ಭಾನುವಾರ ಎಲ್ಲಿಗಾದರೂ ಹೋಗಬೇಕು ಅನ್ನುವ ಒಂದು ಜನವೇ ಹುಟ್ಟಿತು. ಇಲ್ಲಿ ಮಕ್ಕಳು ಓದಲು ಹೋಗಿ ಖಾಲಿಯಾದ ಕೋಣೆಗಳು, ಅಲ್ಲಿ ಹೊರಡಲು ಕಾದು ಕೂತ ಕಾರುಗಳು. ಎರಡೂ ಸೇರಿದವು.

ಅಂದರೆ, ಕಾಫಿಗೆ ನ್ಯಾಯವಾದ ಬೆಲೆ ಸಿಕ್ಕಿದ್ದರೆ ಆ ಹೊತ್ತಿನಲ್ಲಿ ನಮ್ಮಲ್ಲಿ ಮುಕ್ಕಾಲು ಪಾಲು ಮನೆಗಳ ಬಾಗಿಲಿಗೆ ಬೋರ್ಡು ಬೀಳುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಮನಸ್ಸು ಬದಲಾದದ್ದರಿಂದ ಮನೆ ಬಾಡಿಗೆಗೆ ಹೋಗಲಿಲ್ಲ. ಮನೆ ಬಾಡಿಗೆಗೆ ಹೋದ ಮೇಲೆ ಮನಸ್ಸು ನಿಧಾನವಾಗಿ ಹೊಂದಿಕೊಂಡಿತು. ಮೊದಲ ಸಲ ಅತಿಥಿಯ ಕೈಯಿಂದ ನೋಟು ತಗೊಳ್ಳುವಾಗ ಕೈ ನಡುಗಿತು ಅಂತ ನನಗೆ ಹೇಳಿದ ಯಜಮಾನರು ಇದ್ದಾರೆ. ಕೆಲವು ಮನೆಗಳಲ್ಲಿ ಈಗಲೂ ದುಡ್ಡಿನ ಮಾತು ಮಗ ಮಾತ್ರ ಆಡುತ್ತಾನೆ. ಅಪ್ಪ ಆ ಹೊತ್ತಿಗೆ ಎದ್ದು ತೋಟದ ಕಡೆ ಹೋಗಿಬಿಡುತ್ತಾರೆ. ಅದು ಆಷಾಢಭೂತಿತನ ಅಲ್ಲ. ಹಳೆಯ ಮರ್ಯಾದೆ ಒಂದು ಮೂಲೆಯಲ್ಲಿ ಇನ್ನೂ ಉಸಿರಾಡುತ್ತಿದೆ, ಅಷ್ಟೆ.

ಈಗ ಸಿಮೆಂಟು ತರಿಸಿದವರ ಕಡೆ ಬರುತ್ತೇನೆ. ಒಂದು ಲೆಕ್ಕ ಹಾಕೋಣ. ಯಾರ ಮನೆಯ ಲೆಕ್ಕವೂ ಅಲ್ಲ, ಮಾದರಿಗೆ ಹಿಡಿದದ್ದು. ನಿಮ್ಮ ನಿಮ್ಮ ಅಂಕಿ ಹಾಕಿಕೊಂಡು ಮನೆಗೆ ಹೋಗಿ ತಿದ್ದಿಕೊಳ್ಳಿ.

ಎರಡು ಕೋಣೆ. ನಾಲ್ಕು ಜನ. ಊಟ, ತಿಂಡಿ, ಕಾಫಿ ಸೇರಿ ತಲೆಗೆ 1,500 ರೂಪಾಯಿ. ವರ್ಷಕ್ಕೆ 52 ಶನಿವಾರ. ಅದರಲ್ಲಿ 30 ರಾತ್ರಿ ಎರಡೂ ಕೋಣೆ ತುಂಬಿತು ಅಂತಿಟ್ಟುಕೊಳ್ಳಿ. 120 ಜನ ಬಂದು ಹೋದರು. ಕೈಗೆ ಬಂದದ್ದು 1,80,000. ಅಬ್ಬಾ, ಎರಡು ಲಕ್ಷದ ಹತ್ತಿರ! ಇಲ್ಲಿಗೇ ನಮ್ಮ ಲೆಕ್ಕ ನಿಲ್ಲುತ್ತದೆ. ಸಂತೆಯಲ್ಲಿ ನಿಂತು ಹೇಳಿಕೊಳ್ಳುವುದೂ ಇದನ್ನೇ. ಪಕ್ಕದ ಮನೆಯವನು ಕೇಳಿಸಿಕೊಂಡು ಸೀದಾ ಬ್ಯಾಂಕಿಗೆ ಹೋಗುವುದೂ ಇದನ್ನು ನಂಬಿಯೇ.

ಮುಂದೆ ಹೋಗೋಣ. ಗಿರಾಕಿ ತಂದುಕೊಟ್ಟ ಮೊಬೈಲಿನ ಕಂಪನಿಗೆ ನೂರಕ್ಕೆ 15 ಅಂತ ಹಿಡಿದರೆ 27,000 ಹೋಯಿತು. ಉಳಿದದ್ದು 1,53,000. ಕೋಳಿ, ಅಕ್ಕಿ, ಎಣ್ಣೆ, ಹಾಲು, ತರಕಾರಿ ತಲೆಗೆ 400 ಅಂದರೆ 48,000. ಅಕ್ಕಿ ಮನೆಯದೇ ಅನ್ನಬೇಡಿ, ಮಾರಿದ್ದರೆ ಅದಕ್ಕೂ ದುಡ್ಡು ಬರುತ್ತಿತ್ತು. ಹಾಸಿಗೆ ಬಟ್ಟೆ ಒಗೆತ, ಸೋಪು, ಗ್ಯಾಸು, ಕರೆಂಟು ತಲೆಗೆ 100 ಅಂದರೆ 12,000. ಈಗ 93,000 ಉಳಿಯಿತು. ಇಷ್ಟಕ್ಕೆ ದುಡಿದವರು ಯಾರು? ಒಂದು ರಾತ್ರಿ ಅತಿಥಿ ಇದ್ದರೆ ಎರಡು ದಿನ ಇಬ್ಬರ ಕೆಲಸ. ಹಿಂದಿನ ದಿನ ಗುಡಿಸಿ ಒರೆಸಿ ಅಡಿಗೆ ಮಾಡಬೇಕು, ಮರುದಿನ ತಿಂಡಿ ಕೊಟ್ಟು ಬಟ್ಟೆ ಪಾತ್ರೆ ತೊಳೆಯಬೇಕು. 30 ರಾತ್ರಿಗೆ 120 ಆಳಿನ ದಿನ. 93,000ವನ್ನು 120ರಿಂದ ಭಾಗಿಸಿದರೆ ದಿನಕ್ಕೆ 775 ರೂಪಾಯಿ. ಪರವಾಗಿಲ್ಲ. ಇದು ಖಾಲಿ ಬಿದ್ದಿದ್ದ ಹಳೆಯ ಕೋಣೆಯನ್ನೇ ಸುಣ್ಣ ಬಳಿದು ಕೊಟ್ಟವನ ಲೆಕ್ಕ.

ಇನ್ನೊಬ್ಬ ಆರು ಲಕ್ಷ ಸಾಲ ಮಾಡಿ, ಹೊಸದಾಗಿ ಎರಡು ಕೋಣೆ ಕಟ್ಟಿ, ಟೈಲ್ಸು ಹಾಕಿದ. ನೂರಕ್ಕೆ 11ರಂತೆ ವರ್ಷದ ಬಡ್ಡಿ 66,000. 93,000ದಲ್ಲಿ ಅದು ಹೋದರೆ ಉಳಿದದ್ದು 27,000. 120 ದಿನಕ್ಕೆ ಹಂಚಿದರೆ ದಿನಕ್ಕೆ 225 ರೂಪಾಯಿ. ನಮ್ಮ ರಾಜ್ಯದಲ್ಲಿ 2025–26ಕ್ಕೆ ಉದ್ಯೋಗ ಖಾತ್ರಿಯ ಕೂಲಿ 370 ರೂಪಾಯಿ ಇತ್ತು. ತೋಟದ ಯಜಮಾನರ ಮನೆಯ ಹೆಂಗಸರು ಗುಂಡಿ ತೋಡುವ ಕೂಲಿಗಿಂತ ಕಡಿಮೆಗೆ ಬೇರೆಯವರ ಹಾಸಿಗೆ ಒಗೆದರು. ಅಸಲು ಹಾಗೇ ನಿಂತಿದೆ. ಟೈಲ್ಸು ಮಾತ್ರ ಚೆನ್ನಾಗಿದೆ.

ಇಲ್ಲೇ ನಾನು ನಿಮ್ಮ ಜೊತೆ ಜಗಳ ತೆಗೆಯುವುದು. ಭತ್ತಕ್ಕೆ, ರಾಗಿಗೆ, ಕಬ್ಬಿಗೆ ಬೆಲೆ ನಿಗದಿ ಮಾಡುವಾಗ ಮನೆ ಮಂದಿಯ ದುಡಿಮೆಯನ್ನೂ ಸೇರಿಸಿ ಲೆಕ್ಕ ಹಾಕಿ, ನೆಲದ ಗೇಣಿಯನ್ನೂ ಹಾಕಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿ, ಅದರ ಮೇಲೆ ಅರ್ಧದಷ್ಟು ಕೊಡಿ ಅಂತ ದೆಹಲಿಯವರಿಗೆ ಕೇಳುತ್ತೇವೆ. ಸ್ವಾಮಿನಾಥನ್ ಆಯೋಗದ ವರದಿಯ ಮಾತು ಬಾಯಿಪಾಠ ಬರುತ್ತದೆ. ಆದರೆ ನಾವೇ ಬೆಲೆ ಹೇಳುವ ಅವಕಾಶ ಬಂದಾಗ ಏನು ಮಾಡುತ್ತೇವೆ? ಹೆಂಡತಿಯ ದುಡಿಮೆ ಸೊನ್ನೆ, ತಾಯಿಯ ದುಡಿಮೆ ಸೊನ್ನೆ, ಮನೆಯ ನೆಲ ಸೊನ್ನೆ. ಪಕ್ಕದವನು 1,500 ಅಂದ ಅಂತ ನಾವು 1,300 ಅನ್ನುತ್ತೇವೆ. ಸರ್ಕಾರ ಮಾಡಿದ ಅನ್ಯಾಯವನ್ನೇ ನಾವು ಅಡಿಗೆಮನೆಗೆ ಮಾಡುತ್ತಿದ್ದೇವೆ.

ಹೋಂಸ್ಟೇ ಬಗ್ಗೆ ಜನರ ಅಭಿಪ್ರಾಯ ಏನು ಅಂತ ಕೇಳಿದರೆ ಗಂಡಸರೇ ಉತ್ತರ ಹೇಳುತ್ತಾರೆ. ಹೆಂಗಸರನ್ನು ಕೇಳಿ. ಎರಡು ಥರದ ಉತ್ತರ ಬರುತ್ತದೆ, ಎರಡೂ ನಿಜ. ಕೆಲವರಿಗೆ ಅದು ಜೀವನದಲ್ಲಿ ಮೊದಲ ಸಲ ಕೈಗೆ ಬಂದ ಸ್ವಂತ ದುಡ್ಡು. ತೋಟದ ದುಡ್ಡು ಗಂಡನ ಖಾತೆಗೆ ಹೋಗುತ್ತದೆ. ಹಪ್ಪಳ, ಉಪ್ಪಿನಕಾಯಿ, ಕಾಫಿಪುಡಿ ಅತಿಥಿಗೆ ಮಾರಿದ್ದು ಇವರ ಡಬ್ಬಿಗೆ. ಹೊರಗಿನ ಮಾತು, ಹೊರಗಿನ ಜನ, ಯಾವುದೋ ಊರಿನ ಹೆಣ್ಣುಮಗಳ ಸ್ನೇಹ. ಮಕ್ಕಳು ಹೋದ ಮೇಲೆ ಭಣಗುಟ್ಟುತ್ತಿದ್ದ ಮನೆಯಲ್ಲಿ ಸದ್ದು ಅಂತ ಒಬ್ಬ ತಾಯಿ ಹೇಳಿದರು. ಇನ್ನು ಕೆಲವರು ಹೇಳೋದು: "ಭಾನುವಾರ ಅನ್ನೋದು ನಮಗೆ ಇಲ್ಲವೇ ಇಲ್ಲ. ನಮ್ಮನೆಯಲ್ಲೇ ನಾವು ಪಿಸುಮಾತು ಆಡಬೇಕು. ತವರಿಂದ ಅಣ್ಣ ಬಂದರೆ ಮಲಗಿಸಲು ಕೋಣೆ ಇಲ್ಲ." ದುಡ್ಡು ಕೊಟ್ಟ ಅತಿಥಿಗೆ ಜಾಗ ಮಾಡಿ ಕರುಳಿನ ಅತಿಥಿಯನ್ನು ಬಸ್ಸು ಹತ್ತಿಸಿದ ಮನೆಗಳು ಇವೆ. ರೂಮು ಕೊಡಬೇಕೋ ಬೇಡವೋ ಅನ್ನುವ ತೀರ್ಮಾನದಲ್ಲಿ ಅಡಿಗೆ ಮಾಡುವವರಿಗೆ ಮೊದಲ ಮತ ಇರಬೇಕು. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಜೊತೆಗೆ ಕಾಲದ ಪ್ರಶ್ನೆ. ಪೇಟೆಯ ಜನ ಕ್ರಿಸ್‌ಮಸ್ಸಿಗೆ, ಹೊಸ ವರ್ಷಕ್ಕೆ, ಸಂಕ್ರಾಂತಿ ರಜೆಗೆ ಬರುತ್ತಾರೆ. ನಮಗೆ ಅದೇ ಅರೇಬಿಕಾ ಕೊಯ್ಲು, ಮುಗಿಯುವ ಹೊತ್ತಿಗೆ ರೋಬಸ್ಟಾ, ಅಡಿಕೆ ಸುಲಿತ. ಕಣದಲ್ಲಿ ಕಾಫಿ ಹರವಿದೆ, ಮೋಡ ಕಟ್ಟಿದೆ, ಆಳು ಸಾಲದು. ಇಲ್ಲಿ ಅತಿಥಿ ಕ್ಯಾಂಪ್‌ಫೈರ್ ಎಲ್ಲಿ ಅಂತ ಕೇಳುತ್ತಾನೆ. ಬೇಸಗೆ ರಜೆ ಬಂದರೆ ನೀರಿನ ಪಾಡು. ಒರತೆ ಇಳಿದಿರುತ್ತದೆ, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೇ ನೀರು ಸಾಲದು, ಅತಿಥಿ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾನೆ. ಅದರಲ್ಲಿ ಅವನ ತಪ್ಪು ಏನೂ ಇಲ್ಲ, ದುಡ್ಡು ಕೊಟ್ಟಿದ್ದಾನೆ. ತೋಟ ಮತ್ತು ರೂಮು ಎರಡೂ ಒಂದೇ ಹೊಳೆಯಿಂದ, ಒಂದೇ ಇಬ್ಬರು ಆಳುಗಳಿಂದ ನೀರು ಕುಡಿಯಬೇಕು ಅನ್ನುವುದನ್ನು ಬೋರ್ಡು ಬರೆಸುವ ಮುಂಚೆ ನೋಡಿಕೊಳ್ಳಬೇಕು.

ಮೊಬೈಲಿನ ಕಂಪನಿಗಳ ಮಾತು ಬಂತಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆಯ ನೆಲದ ಮೇಲೆ ಗಾಳಿ ಹಾಸಿಗೆ ಹಾಕಿ ಬಾಡಿಗೆಗೆ ಕೊಟ್ಟ ಹುಡುಗರಿಂದ 2008ರಲ್ಲಿ ಏರ್‌ಬಿಎನ್‌ಬಿ ಶುರುವಾಯಿತು. ಅವರದ್ದು ಅಂತ ಒಂದು ಮಂಚವೂ ಇಲ್ಲದೆ ಲೋಕದ ದೊಡ್ಡ ವ್ಯಾಪಾರ ಆಯಿತು. ಇದು ನಮಗೆ ಹೊಸದೇನಲ್ಲ. ಒಂದು ಗಿಡ ನೆಡದೆ ಅಡಿಕೆಯಲ್ಲಿ ದುಡ್ಡು ಮಾಡಿದ ಮಂಡಿಯವರನ್ನು ನಾವು ನೋಡಿಲ್ಲವೇ? ಗಿರಾಕಿ ತರುತ್ತಾರೆ, ನಿಜ. ಕಾಡಿನ ನಡುವಿನ ಮನೆಯನ್ನು ದೆಹಲಿಯವನಿಗೆ ತೋರಿಸುತ್ತಾರೆ, ಅದೂ ನಿಜ. ಆದರೆ ಯಾವ ಮನೆ ಮೇಲೆ ಕಾಣಬೇಕು, ಯಾವುದು ಕೆಳಗೆ ಅಂತ ತೀರ್ಮಾನ ಮಾಡುವವರು ಅವರು. ದರ ಇಳಿಸಿ ಅಂತ ಒತ್ತುವವರು ಅವರು. ಇನ್ನೊಂದು ತಮಾಷೆ: ಹಿಂದೆ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜಕ್ಕೆ ಎ, ಬಿ, ಸಿ, ಪೀಬೆರಿ ಅಂತ ದರ್ಜೆ ಹಾಕುತ್ತಿದ್ದರು. ಈಗ ಬೀಜದ ಜೊತೆ ಮನೆಯೊಡತಿಗೂ ದರ್ಜೆ, ನಕ್ಷತ್ರಗಳ ಲೆಕ್ಕದಲ್ಲಿ. ಸಾರಿಗೆ ಖಾರ ಜಾಸ್ತಿ ಆಯಿತು, ಜಿಗಣೆ ಕಚ್ಚಿತು, ಮಳೆ ಬಂತು ಅಂತ ನಕ್ಷತ್ರ ಕಡಿಮೆ ಮಾಡುತ್ತಾರೆ. ಮಲೆನಾಡಿಗೆ ಬಂದು ಮಳೆ ಬಂತು ಅಂತ ದೂರು!

ಒಂದೇ ಬೆಳೆಯ ಹಿಂದೆ ಎಲ್ಲರೂ ಓಡುವ ಚಾಳಿ ನಮಗೆ ಹಳೆಯದು. ವೆನಿಲ್ಲಾ ನೆನಪಿದೆಯಾ? 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ. ರಾತ್ರಿ ತೋಟದಲ್ಲಿ ಕಾವಲು ಮಲಗಿದೆವು. ಬಳ್ಳಿಯ ತುಂಡನ್ನು ಚಿನ್ನದಂತೆ ಕೊಂಡೆವು. ಎರಡು ಮೂರು ವರ್ಷದಲ್ಲಿ ಕೇಳುವವರಿಲ್ಲ. ಬಳ್ಳಿಯನ್ನಾದರೂ ಕಿತ್ತು ಎಸೆಯಬಹುದು, ಸಾಲ ಮಾಡಿ ಕಟ್ಟಿದ ಕಾಟೇಜನ್ನು ಎಲ್ಲಿಗೆ ಎಸೆಯುತ್ತೀರಿ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಪ್ರವಾಸಿಗರು ಬರಬೇಡಿ ಅಂತ ಆಡಳಿತವೇ ಹೇಳಬೇಕಾಯಿತು. 2019ರಲ್ಲಿ ಮತ್ತೆ ಮಳೆ. 2020ರ ಮಾರ್ಚಿನಲ್ಲಿ ಲಾಕ್‌ಡೌನು. ಮೂರು ವರ್ಷ ಸಾಲಾಗಿ ಹೊಡೆತ. ಬ್ಯಾಂಕಿನ ಬಡ್ಡಿ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ. ಕಾಫಿಗೆ ಒಂದು ಗುಣ ಇದೆ: ಮಾರದಿದ್ದರೆ ಚೀಲದಲ್ಲಿ ಇರುತ್ತದೆ. ಮಾರದೆ ಹೋದ ಶನಿವಾರ ರಾತ್ರಿಯನ್ನು ಗೋದಾಮಿನಲ್ಲಿ ಇಡಲು ಆಗದು.

ಆಮೇಲೆ ಏನಾಯಿತು ನೋಡಿ. 2024ರಲ್ಲಿ ರೋಬಸ್ಟಾ ಲಂಡನ್ ಪೇಟೆಯಲ್ಲಿ ಟನ್ನಿಗೆ 5,000 ಡಾಲರು ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರು ಮೀರಿತು. ರೂಮಿನ ಕಡೆ ಓಡಿ ತೋಟವನ್ನು ಹಾಳು ಬಿಟ್ಟವನ ಹತ್ತಿರ ಆ ಹೊತ್ತಿಗೆ ಮಾರಲು ಏನಿತ್ತು? ಆ ಬೆಲೆ ಹಾಗೇ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ, ನಿಲ್ಲುವ ಜಾತಿಯೇ ಅಲ್ಲ ಅದು. ರೂಮು ತೋಟವನ್ನು ತಿನ್ನಬಾರದು, ಅಷ್ಟೇ ನನ್ನ ಮಾತು.

ಇದನ್ನು ಕಾನೂನಿನಲ್ಲೇ ಬರೆದುಕೊಂಡ ದೇಶವಿದೆ. ಇಟಲಿಯವರು 1985ರಲ್ಲಿ ಒಂದು ಕಾಯ್ದೆ ಮಾಡಿದರು. ರೈತ ತನ್ನ ಮನೆಯಲ್ಲಿ ಪ್ರವಾಸಿಗರನ್ನು ಇಟ್ಟುಕೊಳ್ಳಬಹುದು, ಊಟ ಹಾಕಬಹುದು. ಆದರೆ ಬೇಸಾಯವೇ ಮುಖ್ಯವಾಗಿ ಉಳಿಯಬೇಕು, ಬಡಿಸುವುದು ಹೆಚ್ಚಾಗಿ ತನ್ನ ಹೊಲದ್ದೇ ಆಗಿರಬೇಕು. ಹೊಲ ಬಿಟ್ಟವನು ರೈತನ ಮನೆ ಅಂತ ಹೇಳಿಕೊಂಡು ಹೋಟೆಲು ನಡೆಸುವ ಹಾಗಿಲ್ಲ. ಎಂಥ ಸರಳ ಮಾತು! ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಚಿನ್ನ, ಬೆಳ್ಳಿ ಅಂತ ಎರಡು ದರ್ಜೆ, ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು ಅಂತ ಇದೆ. ಬೇಸಾಯದ ಸೊಲ್ಲು ಅದರಲ್ಲಿಲ್ಲ. ವಾಸ ಇರಬೇಕು ಅನ್ನುವುದೂ ಎಷ್ಟು ಕಡೆ ನಡೆಯುತ್ತಿದೆ? ತೋಟದ ಮನೆಯನ್ನು ಪೇಟೆಯ ಯಾವನಿಗೋ ವರ್ಷಕ್ಕೆ ಇಷ್ಟು ಅಂತ ಗುತ್ತಿಗೆ ಕೊಟ್ಟು ಯಜಮಾನರು ಮೈಸೂರಿನಲ್ಲಿದ್ದಾರೆ. ಒಳಗೆ ಅಡಿಗೆಯವನು, ಮೇಲ್ವಿಚಾರಕ, ಕಿವಿ ಕಿತ್ತು ಹೋಗುವ ಹಾಡು. ಅದನ್ನು ಹೋಂಸ್ಟೇ ಅನ್ನುವುದಾದರೆ ಅಲ್ಲಿ ಹೋಮ್ ಯಾರದ್ದು?

ನೆರೆಹೊರೆಯವರ ಸಿಟ್ಟು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಮನೆಯವರು ಇದ್ದ ಕಡೆ ಅತಿಥಿ ಅಷ್ಟು ಗಲಾಟೆ ಮಾಡುವುದಿಲ್ಲ. ಮನೆಯವರಿಲ್ಲದ ಕಡೆ ಬಾಟಲಿ ಹಳ್ಳಕ್ಕೆ, ಪ್ಲಾಸ್ಟಿಕ್ಕು ಗದ್ದೆಗೆ, ಕಾರು ದನದ ದಾರಿಗೆ ಅಡ್ಡ. ಲಾಭ ಒಬ್ಬನಿಗೆ, ಗಾಜಿನ ಚೂರು ಊರಿನ ಕಾಲಿಗೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ ಊರಿನ ಜನಕ್ಕೇ ಬಾಡಿಗೆ ಮನೆ ಸಿಗದ ಹಾಗಾಗಿ, ಪ್ರವಾಸಿಗಳಿಗೆ ಕೊಡುವ ಹತ್ತು ಸಾವಿರದಷ್ಟು ಮನೆಗಳ ಪರವಾನಗಿಯನ್ನು 2028ರ ನವೆಂಬರಿನೊಳಗೆ ಪೂರಾ ನಿಲ್ಲಿಸುತ್ತೇವೆ ಅಂತ ಅಲ್ಲಿನ ಮೇಯರು 2024ರಲ್ಲಿ ಸಾರಿದರು. ನ್ಯೂಯಾರ್ಕಿನವರು 2023ರ ಸೆಪ್ಟೆಂಬರಿನಿಂದ ಹೊಸ ನಿಯಮ ಬಿಗಿ ಮಾಡಿದರು: 30 ದಿನಕ್ಕಿಂತ ಕಡಿಮೆಗೆ ಕೊಡುವುದಾದರೆ ಮನೆಯವರು ಜೊತೆಯಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿ ಕೂಡದು. ಅಷ್ಟು ದೊಡ್ಡ ಊರುಗಳೇ ಹೀಗೆ ಯೋಚಿಸುವಾಗ ನಮ್ಮ ಗ್ರಾಮಸಭೆಗಳೂ ಈ ಬಗ್ಗೆ ಯೋಚಿಸಬೇಕು.

ಇನ್ನೊಂದು ಕಡೆಯ ಗಲಾಟೆಯೂ ಇದೆ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ಕಟ್ಟಿ ಬಂದವರು ಕೈ ಮಾಡಿದರು. ಆಮೇಲೆ ಹೋಂಸ್ಟೇ ಅಂದರೆ ಅನಾಚಾರದ ಜಾಗ ಅನ್ನುವ ಮಾತು ಕೆಲವರ ಬಾಯಲ್ಲಿ ನಿಂತುಬಿಟ್ಟಿದೆ. ನೀರು ಹಾಳಾಯಿತು ಅಂತ ಸಿಟ್ಟು ಬಂದರೆ ನ್ಯಾಯ. ಬಂದವರು ಗಂಡ ಹೆಂಡತಿಯೋ ಅಲ್ಲವೋ ಅಂತ ಬೇಲಿ ಹಾರಿ ನೋಡುವುದು ನೆರೆಮನೆಯವರ ಕೆಲಸವಲ್ಲ. ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಮನೆಯವರ ಕೆಲಸ. ವಿದೇಶದವರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ವಿವರ ಕೊಡಬೇಕು, ಮರೆಯಬೇಡಿ.

ಈಗ ಕಡೆಯದಾಗಿ ಸಾಲಪತ್ರದ ವಿಷಯ. ಇದನ್ನು ನಿಧಾನವಾಗಿ ಕೇಳಿ, ಯಾಕೆಂದರೆ ತಲೆ ಹೋಗುವ ವಿಚಾರ ಇಲ್ಲಿದೆ.

ಬೇಸಾಯದ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ರೂಮಿನ ವರಮಾನ ಬೇಸಾಯದ ವರಮಾನ ಅಲ್ಲ, ತೋಟದ ನಡುವೆ ಇದ್ದರೂ ಅಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಬೇಸಾಯದ ಜಮೀನಿನಲ್ಲಿ ರೈತ ತನ್ನ ಬೇಸಾಯಕ್ಕೆ ಬೇಕಾದ ಮನೆ, ಕೊಟ್ಟಿಗೆ ಕಟ್ಟಿಕೊಳ್ಳಬಹುದು. ಬೇರೆ ಉದ್ದೇಶಕ್ಕೆ ಅಂದರೆ ಭೂಪರಿವರ್ತನೆಯ ಪ್ರಶ್ನೆ ಏಳುತ್ತದೆ. ಹಂಪಿ ಎದುರು ತುಂಗಭದ್ರೆಯ ಆಚೆ ವಿರೂಪಾಪುರಗಡ್ಡೆ ಇದೆ. ಗದ್ದೆಯ ನಡುವೆ ಹೊರದೇಶದವರು ಬಂದು ಉಳಿಯಲು ಶುರು ಮಾಡಿದರು, ಗುಡಿಸಲು ಹೋಗಿ ಲಾಡ್ಜು, ಹೋಟೆಲು ಎದ್ದವು. ಕಟ್ಟಿದ್ದು ಅಕ್ರಮ ಅನ್ನುವ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರ ತಂದು ಕೆಡವಿದರು. ಎಷ್ಟು ಬೇಗ ಕೆಡವಿದರೋ ಅಷ್ಟು ಬೇಗ ಸಾಲ ತೀರುವುದಿಲ್ಲವಲ್ಲ.

ಅದಕ್ಕಿಂತ ದೊಡ್ಡದು ಸರ್ಫೇಸಿ. 2002ರ ಈ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಹರಾಜು ಹಾಕಬಹುದು. ಅದರ 31ನೇ ಕಲಮಿನಲ್ಲಿ ಬೇಸಾಯದ ಜಮೀನಿಗೆ ರಕ್ಷಣೆ ಇದೆ. ಕಾಫಿ ತೋಟ ಆ ರಕ್ಷಣೆಯೊಳಗೆ ಬರುತ್ತದೋ ಇಲ್ಲವೋ ಅಂತಲೇ ನಮ್ಮ ಜಿಲ್ಲೆಗಳಲ್ಲಿ ಜಗಳ ನಡೆದಿದೆ, ಹರಾಜು ನೋಟೀಸು ಹಿಡಿದು ಬೆಳೆಗಾರರು ಬೀದಿಗೆ ಇಳಿದಿದ್ದಾರೆ. ಇಂಥ ಹೊತ್ತಿನಲ್ಲಿ ಅದೇ ಸರ್ವೆ ನಂಬರನ್ನು ಪ್ರವಾಸಿ ವ್ಯಾಪಾರದ ಸಾಲಕ್ಕೆ ಅಡವಿಟ್ಟರೆ ಏನಾಗುತ್ತದೆ? ಗೋವಾದ ಒಂದು ದೊಡ್ಡ ಹೋಟೆಲಿನ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಗಮನಿಸಿ: ಕಂದಾಯದ ಪುಸ್ತಕದಲ್ಲಿ ಬೇಸಾಯದ ಜಮೀನು ಅಂತ ಇದ್ದ ಮಾತ್ರಕ್ಕೆ ಆಗದು, ಹೋಟೆಲಿನ ಭಾಗವಾಗಿ ಸಾಲಕ್ಕೆ ಅಡವಿಟ್ಟ ಮೇಲೆ ಆ ರಕ್ಷಣೆ ಸಿಗದು. ಅದು ಕೋಟ್ಯಧೀಶರ ಹೋಟೆಲು, ನಮ್ಮದು ಎರಡು ಕೋಣೆ ಅನ್ನಬಹುದು. ಕಾನೂನಿನ ತಕ್ಕಡಿಗೆ ಹಾಕಿದಾಗ ನಿಮ್ಮ ವಕೀಲರಿಗೆ ಅಷ್ಟು ವ್ಯತ್ಯಾಸ ತೋರಿಸಲು ಆಗುತ್ತದೋ ಇಲ್ಲವೋ ಯಾರು ಬಲ್ಲರು? ತಾತನ ಕಾಲದಿಂದ ಬಂದ ಹತ್ತು ಎಕರೆಯನ್ನು ಎರಡು ಬಚ್ಚಲುಮನೆಯ ಟೈಲ್ಸಿಗಾಗಿ ಪಣಕ್ಕೆ ಇಡಬೇಡಿ.

ಹಾಗಾದರೆ ರೂಮು ಕೊಡಬೇಡಿ ಅಂತೀಯಾ ಅಂದರೆ, ಇಲ್ಲ. ಇರುವ ಕೋಣೆ ಕೊಡಿ. ಸಾಲ ಮಾಡಿ ಕಟ್ಟಬೇಡಿ. ಕಟ್ಟಲೇಬೇಕು ಅಂದರೆ ತೋಟದ ಪತ್ರ ಮುಟ್ಟದೆ, ಒಂದು ಬೆಳೆಯ ಲಾಭದಲ್ಲಿ ಒಂದು ಕೋಣೆ ಅಂತ ಕಟ್ಟಿ. ದರ ಹೇಳುವಾಗ ಮನೆ ಹೆಂಗಸರ ಕೂಲಿ ಸೇರಿಸಿ ಹೇಳಿ, ಆ ದುಡ್ಡು ಅವರ ಕೈಗೇ ಹೋಗಲಿ. ಊರಿನಲ್ಲಿ ಹತ್ತು ಮನೆಯವರು ಕೊಡುತ್ತಿದ್ದರೆ ಕೂತು ಒಂದು ಕನಿಷ್ಠ ದರ ಮಾತಾಡಿಕೊಳ್ಳಿ. ಹಾಲಿನ ಸೊಸೈಟಿ ಮಾಡಲು ಬಂದ ನಮಗೆ ಇದು ಬಾರದೇನು? ಅತಿಥಿ ಹೊರಡುವಾಗ ನಿಮ್ಮ ಕಾಫಿಪುಡಿ, ಮೆಣಸು, ಜೇನು ಅವನ ಕೈಚೀಲಕ್ಕೆ ಹೋಗಲಿ. ದಲ್ಲಾಳಿ ಇಲ್ಲದೆ ತಿನ್ನುವವನಿಗೇ ಮಾರುವ ಅವಕಾಶ ನಮಗೆ ಈ ಬಾಗಿಲಲ್ಲಿ ಸಿಕ್ಕಿದೆ. ರೂಮಿನ ಬಾಡಿಗೆಗಿಂತ ಅದೇ ದೊಡ್ಡ ಲಾಭ ಅಂತ ನನಗೆ ಅನ್ನಿಸುತ್ತದೆ. ಅತಿಥಿಗೆ ಕಣ ತೋರಿಸಿ, ಒಂದು ಕಿಲೋ ಬೀಜ ಆಗಲು ಎಷ್ಟು ಹಣ್ಣು ಕೊಯ್ಯಬೇಕು ಅಂತ ಹೇಳಿ, ಪೇಟೆಯ ಹೋಟೆಲಿನಲ್ಲಿ ಅವನು ಒಂದು ಲೋಟಕ್ಕೆ ಕೊಡುವ ಬೆಲೆಯನ್ನು ಅವನ ಬಾಯಿಂದಲೇ ಹೇಳಿಸಿ. ಊಟ ಬಡಿಸಿ ಸುಮ್ಮನೆ ಕೂರಬೇಡಿ. ನಮ್ಮ ಕಷ್ಟ ಕೇಳಲು ಪೇಟೆಯವನು ತಾನೇ ದುಡ್ಡು ಕೊಟ್ಟು ನಮ್ಮ ಜಗಲಿಗೆ ಬಂದು ಕೂತಿದ್ದಾನೆ.

ಗಂಟೆ ಆಯಿತು, ಊಟಕ್ಕೆ ಎಲೆ ಹಾಕುತ್ತಿದ್ದಾರೆ. ಸಹಕಾರ ಸಂಘದ ಕಾರ್ಯದರ್ಶಿಗಳು ಹಿಂದೆ ಕೂತಿದ್ದಾರೆ. ಅಡಮಾನದ ಪತ್ರದಲ್ಲಿ ಸಾಲದ ಉದ್ದೇಶ ಏನು ಅಂತ ಬರೆದಿದೆ, ಯಾವ ಸರ್ವೆ ನಂಬರು ಸೇರಿದೆ ಅಂತ ನೋಡಿಕೊಳ್ಳಬೇಕಾದವರು ಊಟ ಆದ ಮೇಲೆ ಪತ್ರದ ನಕಲು ಹಿಡಿದು ಅವರ ಹತ್ತಿರ ಕೂತುಕೊಳ್ಳಿ.